ಮೂರು ‘ವುಲ್ಫ್ ಮ್ಯಾನ್’ಗಳಲ್ಲಿ ಯಾವುದನ್ನು ನೋಡಬೇಕು?

‘ವುಲ್ಫ್ ಮ್ಯಾನ್’ ಎಂದು ಹುಡುಕಲು ಹೊರಟರೆ ಹೆಚ್ಚುಕಡಿಮೆ ಒಂದೇ ಹೆಸರಿನ ಮೂರು ಸಿನಿಮಾಗಳು ಎದುರಾಗುತ್ತವೆ. 1941ರ ಕಪ್ಪು-ಬಿಳುಪಿನದು ಒಂದು, 2010ರ ಭಾರೀ ಬಜೆಟ್ಟಿನದು ಇನ್ನೊಂದು, 2025ರಲ್ಲಿ ಬಂದ ಸಣ್ಣ ಸಿನಿಮಾ ಮತ್ತೊಂದು. ಮೂರೂ ಯೂನಿವರ್ಸಲ್ ಕಂಪನಿಯವೇ. ಇವುಗಳ ಜೊತೆಗೆ ರೀಮೇಕ್ ಎಂದು ಹೇಳಿಕೊಳ್ಳದಿದ್ದರೂ ಅದೇ ವಂಶಕ್ಕೆ ಸೇರಿದ ನಾಲ್ಕನೆಯದೂ ಇದೆ: ಜಾನ್ ಲ್ಯಾಂಡಿಸ್ ನಿರ್ದೇಶನದ ‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’ (1981). ಹಳೆಯ ಹಾರರ್ ಸಿನಿಮಾವೊಂದನ್ನು ಇವತ್ತಿನ ಪ್ರೇಕ್ಷಕರಿಗಾಗಿ ಮತ್ತೆ ಮಾಡುವುದು ಎಂದರೇನು ಎಂಬ ಪ್ರಶ್ನೆಗೆ ಈ ನಾಲ್ಕೂ ಬೇರೆ ಬೇರೆ ಉತ್ತರ ಕೊಡುತ್ತವೆ. ಒಂದು ರಾತ್ರಿಗೆ ಒಂದೇ ನೋಡಲು ಸಮಯ ಇರುವವರಿಗೆ ಯಾವುದನ್ನು ಆರಿಸಬೇಕು ಎಂದು ಹೇಳುವ ಪ್ರಯತ್ನ ಇದು. ಕಥೆಯ ಕೊನೆಯನ್ನು ಮುಟ್ಟದೆ ಇವನ್ನು ಹೋಲಿಸಲಾಗುವುದಿಲ್ಲ. ಏನೂ ತಿಳಿಯದೆಯೇ ನೋಡಬೇಕೆನ್ನುವವರು ಮೊದಲು 1941ರದ್ದನ್ನು ನೋಡಿ ಬನ್ನಿ, ಎಪ್ಪತ್ತೇ ನಿಮಿಷದ ಸಿನಿಮಾ.

ತೋಳಮಾನವನ ಸಿನಿಮಾ ಎಂದ ಕೂಡಲೇ ಎಲ್ಲರೂ ಕೇಳುವುದು ಮನುಷ್ಯ ತೋಳವಾಗುವ ದೃಶ್ಯದ ಬಗ್ಗೆ. ಕೂದಲು ಹೇಗೆ ಬೆಳೆಯಿತು, ಮೂಳೆ ಹೇಗೆ ಮುರಿಯಿತು, ಮೇಕಪ್ಪೋ ಗ್ರಾಫಿಕ್ಸೋ? ಇವು ಮುಖ್ಯವೇ, ಆದರೆ ನಾನು ಬೇರೆಯದನ್ನೇ ಕೇಳುತ್ತೇನೆ. ಬೆಳಗಾದ ಮೇಲೆ ಅವನು ಏನು ಮಾಡುತ್ತಾನೆ? ಡ್ರಾಕುಲಾಗೆ ತಾನು ಮಾಡಿದ್ದರ ಬಗ್ಗೆ ನಾಚಿಕೆಯಿಲ್ಲ. ತೋಳಮಾನವನ ಪಾಡು ಹಾಗಲ್ಲ. ಅವನು ಹಗಲಿನಲ್ಲಿ ಒಳ್ಳೆಯವನು, ರಾತ್ರಿ ಮಾಡಿದ್ದನ್ನು ಹಗಲಿನಲ್ಲಿ ಹೊತ್ತು ತಿರುಗಬೇಕಾದವನು. ಇವತ್ತು ಮತ್ತೆ ಕತ್ತಲಾಗುತ್ತದೆ ಎಂದು ಅವನಿಗೆ ಗೊತ್ತಿರುತ್ತದೆ. ಈ ಹಗಲನ್ನು ಉಳಿಸಿಕೊಂಡ ರೀಮೇಕ್ ಎಷ್ಟು ಬದಲಾದರೂ ಗಟ್ಟಿಯಾಗಿ ನಿಲ್ಲುತ್ತದೆ, ಅದನ್ನು ಕೈಬಿಟ್ಟದ್ದು ಎಷ್ಟು ಚೆನ್ನಾಗಿ ತೆಗೆದರೂ ಸೊರಗುತ್ತದೆ ಎಂಬುದು ನನ್ನ ಬಲವಾದ ನಂಬಿಕೆ.

1941: ಮೂಲ

ಅಮೆರಿಕದಲ್ಲಿ ಬಹುಕಾಲ ಇದ್ದ ಲ್ಯಾರಿ ಟಾಲ್ಬಟ್, ಅಣ್ಣ ತೀರಿಕೊಂಡ ಮೇಲೆ ವೇಲ್ಸ್‌ನಲ್ಲಿರುವ ತಂದೆಯ ಬಂಗಲೆಗೆ ಮರಳುತ್ತಾನೆ. ಊರಿನ ಅಂಗಡಿಯಲ್ಲಿ ಬೆಳ್ಳಿಯ ತೋಳದ ತಲೆಯಿರುವ ಕೈಗೋಲೊಂದನ್ನು ಕೊಳ್ಳುತ್ತಾನೆ. ಅದೇ ರಾತ್ರಿ ಮಂಜು ಕವಿದ ಕಾಡಿನಲ್ಲಿ ಒಂದು ತೋಳ ಹುಡುಗಿಯೊಬ್ಬಳ ಮೇಲೆ ಬಿದ್ದಾಗ ಬಿಡಿಸಲು ಓಡುತ್ತಾನೆ, ಕೈಗೋಲಿನಿಂದ ಹೊಡೆದು ಕೊಲ್ಲುತ್ತಾನೆ, ಕಚ್ಚಿಸಿಕೊಳ್ಳುತ್ತಾನೆ. ಬೆಳಿಗ್ಗೆ ನೋಡಿದರೆ ಅಲ್ಲಿ ತೋಳವಿಲ್ಲ. ಕಣಿ ಹೇಳುತ್ತಿದ್ದ ರೋಮಾ ಅಲೆಮಾರಿಯ ಹೆಣ ಬರಿಗಾಲಲ್ಲಿ ಬಿದ್ದಿದೆ. ಲ್ಯಾರಿಯ ಎದೆಯ ಗಾಯವೂ ಮಾಯವಾಗಿದೆ. ಪೊಲೀಸರು, ವೈದ್ಯರು, ತಂದೆ ಎಲ್ಲರೂ ಕೇಳುವ ಪ್ರಶ್ನೆಗೆ ಅವನ ಬಳಿ ಉತ್ತರವಿಲ್ಲ. ಅವನಿಗಿನ್ನೂ ಒಂದು ಕೂದಲೂ ಮೊಳೆತಿಲ್ಲ, ಸಿನಿಮಾದ ಭಯ ಆಗಲೇ ಶುರುವಾಗಿದೆ.

ಲಾನ್ ಚಾನಿ ಜೂನಿಯರ್ ಲ್ಯಾರಿಯಾಗಿ, ಕ್ಲಾಡ್ ರೇನ್ಸ್ ತಂದೆ ಸರ್ ಜಾನ್ ಆಗಿ ನಟಿಸಿದ್ದಾರೆ. ರೇನ್ಸ್ ಚಾನಿಗಿಂತ 16 ವರ್ಷ ಮಾತ್ರ ದೊಡ್ಡವರು. ಆಕಾರದಲ್ಲಂತೂ ಮಗನೇ ಭೀಮಕಾಯ, ತಂದೆ ಪುಟ್ಟ ಆಸಾಮಿ. ಹೀಗಿದ್ದೂ ಆ ಸಂಬಂಧ ನಿಜವೆನಿಸುತ್ತದೆ, ಏಕೆಂದರೆ ತಂದೆ ಮಗನನ್ನು ಪ್ರೀತಿಸುತ್ತಾನೆ ಮತ್ತು ನಂಬುವುದಿಲ್ಲ. ಆತ ದೂರದರ್ಶಕದಲ್ಲಿ ನಕ್ಷತ್ರ ನೋಡುವ ವಿಚಾರವಂತ. ನಿನ್ನದು ಮನಸ್ಸಿನ ಕಾಯಿಲೆ ಎಂದು ಮಗನಿಗೆ ಸಮಾಧಾನ ಹೇಳುತ್ತಾನೆ, ಕುರ್ಚಿಗೆ ಕಟ್ಟಿ ಹಾಕುತ್ತಾನೆ, ಅವನ ಒತ್ತಾಯಕ್ಕೆ ಆ ಕೈಗೋಲನ್ನು ಹಿಡಿದು ಬೇಟೆಗೆ ಹೊರಡುತ್ತಾನೆ. ಕೊನೆಯಲ್ಲಿ ಅದರಿಂದಲೇ ತೋಳವನ್ನು ಬಡಿದು ಕೊಲ್ಲುತ್ತಾನೆ. ಕಣ್ಣೆದುರೇ ಕೂದಲು ಮರೆಯಾಗಿ ಮಗನ ಮುಖ ಮೂಡುತ್ತದೆ. ಇಡೀ ಸಿನಿಮಾದಲ್ಲಿ ಮುಖ ಬದಲಾಗುವುದನ್ನು ಪೂರ್ತಿಯಾಗಿ ತೋರಿಸುವುದು ಇಲ್ಲೊಂದೇ ಕಡೆ, ಅದೂ ಹಿಂದುಮುಂದಾಗಿ. ಮೊದಲ ಸಲ ಅವನು ತೋಳವಾದಾಗ ನಮಗೆ ಕಾಣುವುದು ಪಾದಗಳು ಮಾತ್ರ.

ಜಾಕ್ ಪಿಯರ್ಸ್ ಅವರ ಮೇಕಪ್ಪಿನಲ್ಲಿ ಬಳಸಿದ್ದು ಯಾಕ್ ಮೃಗದ ಕೂದಲು. ಇವತ್ತಿನ ಕಣ್ಣಿಗೆ ಅದು ಹೆದರಿಸುವುದಿಲ್ಲ, ಅದನ್ನು ಒಪ್ಪಿಕೊಳ್ಳೋಣ. ಹೆದರಿಸುವುದು ಅದರ ಮರುದಿನದ ಬೆಳಗು. ಲ್ಯಾರಿ ಕಣ್ಣು ಬಿಡುತ್ತಾನೆ, ಕಿಟಕಿಯಿಂದ ತನ್ನ ಹಾಸಿಗೆಯವರೆಗೂ ಬಂದಿರುವ ತೋಳದ ಹೆಜ್ಜೆಗಳನ್ನು ನೋಡುತ್ತಾನೆ, ಯಾರಾದರೂ ಬರುವ ಮೊದಲು ಗಾಬರಿಯಿಂದ ಒರೆಸಲು ತೊಡಗುತ್ತಾನೆ. ರಕ್ತವಿಲ್ಲ, ಕಿರುಚಾಟವಿಲ್ಲ. ಊರಿನಲ್ಲಿ ಗೋರಿ ತೋಡುವವನು ಸತ್ತಿದ್ದಾನೆ ಎಂದು ಆಮೇಲೆ ಗೊತ್ತಾಗುತ್ತದೆ. ತಾನೇ ಮಾಡಿದೆ ಎಂದು ನೆನಪಿಲ್ಲದ ಕೊಲೆಯ ಗುರುತನ್ನು ಅಳಿಸುವ ಆ ದೊಡ್ಡ ಮನುಷ್ಯನನ್ನು ನೋಡುವಾಗ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕಥೆ ಬರೆದ ಕರ್ಟ್ ಸಿಯೊಡ್ಮಾಕ್ 1902ರಲ್ಲಿ ಡ್ರೆಸ್ಡೆನ್‌ನಲ್ಲಿ ಹುಟ್ಟಿದ ಯಹೂದಿ. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಜರ್ಮನಿ ಬಿಟ್ಟವರು. ಸಿನಿಮಾದಲ್ಲಿ ತೋಳಮಾನವನಿಗೆ ತನ್ನ ಮುಂದಿನ ಬಲಿಯ ಅಂಗೈಯಲ್ಲಿ ನಕ್ಷತ್ರದ ಗುರುತು ಕಾಣುತ್ತದೆ. ಯಹೂದಿಗಳ ಮೇಲೆ ನಾಜಿಗಳು ಹೊರಿಸಿದ ನಕ್ಷತ್ರದ ನೆರಳನ್ನು ಅನೇಕ ವಿಮರ್ಶಕರು ಇಲ್ಲಿ ಗುರುತಿಸಿದ್ದಾರೆ. ನೆರೆಹೊರೆಯ ಸಭ್ಯರು ರಾತ್ರೋರಾತ್ರಿ ಮೃಗಗಳಾದದ್ದನ್ನು ಕಂಡ ಮನುಷ್ಯ ಈ ಕಥೆ ಬರೆದ ಎಂದು ತಿಳಿದ ಮೇಲೆ ನನಗಂತೂ ಅದನ್ನು ಬೇರೆ ರೀತಿಯಲ್ಲಿ ನೋಡಲಾಗಿಲ್ಲ. ಸಿನಿಮಾ ಬಿಡುಗಡೆಯಾದದ್ದು 1941ರ ಡಿಸೆಂಬರ್‌ನಲ್ಲಿ, ಪರ್ಲ್ ಹಾರ್ಬರ್ ದಾಳಿಯಾದ ಕೆಲವೇ ದಿನಗಳಲ್ಲಿ.

ಇನ್ನೊಂದು ವಿಷಯ, ರೀಮೇಕುಗಳ ಚರ್ಚೆಯಲ್ಲಿ ತುಂಬ ಉಪಯೋಗಕ್ಕೆ ಬರುವಂಥದ್ದು. ಪರಿಶುದ್ಧ ಮನಸ್ಸಿನವನೂ ತೋಳವಾಗಬಹುದು ಎನ್ನುವ ಪದ್ಯವೊಂದನ್ನು ಇದರಲ್ಲಿ ಮತ್ತೆ ಮತ್ತೆ ಹೇಳುತ್ತಾರೆ. ಹಳೆಯ ಜನಪದ ಪದ್ಯ ಎಂದು ಬಹಳ ಜನ ತಿಳಿದಿದ್ದಾರೆ, ಆದರೆ ಬರೆದದ್ದು ಸಿಯೊಡ್ಮಾಕ್. ಆ ಪದ್ಯದಲ್ಲಿ ಹುಣ್ಣಿಮೆಯಿಲ್ಲ. ಅಲ್ಲಿರುವುದು ಶರತ್ಕಾಲದ ಚಂದ್ರ ಮತ್ತು ನಮ್ಮ ವತ್ಸನಾಭಿಯ ಜಾತಿಯ ವಿಷದ ಗಿಡ ಹೂಬಿಡುವ ಕಾಲ. ಹುಣ್ಣಿಮೆ ಈ ಸರಣಿಯೊಳಗೆ ಬಂದದ್ದು 1943ರ ಮುಂದುವರಿದ ಭಾಗದಲ್ಲಿ ಪದ್ಯದ ಸಾಲನ್ನು ತಿದ್ದಿದಾಗ. ಇದಕ್ಕೂ ಮೊದಲೇ ಇದೇ ಕಂಪನಿಯ 1935ರ ‘ವೇರ್‌ವುಲ್ಫ್ ಆಫ್ ಲಂಡನ್’ ಹುಣ್ಣಿಮೆಯನ್ನು ಬಳಸಿತ್ತು ನಿಜ. ಆದರೆ ಹುಣ್ಣಿಮೆಯಿಲ್ಲದ ತೋಳಮಾನವ ಮೂಲಕ್ಕೆ ಮಾಡಿದ ದ್ರೋಹ ಎನ್ನುವವರು ಮೂಲವನ್ನೇ ಇನ್ನೊಮ್ಮೆ ನೋಡಬೇಕು.

ಬದಲಾಗಲೇಬೇಕಾದ ಸಂಗತಿಗಳೂ ಇದರಲ್ಲಿವೆ. ಲ್ಯಾರಿ ತಂದೆಯ ದೂರದರ್ಶಕದಿಂದ ಗ್ವೆನ್ ಎಂಬ ಹುಡುಗಿಯ ಕೋಣೆಯೊಳಗೆ ನೋಡಿ, ಆಮೇಲೆ ಅಂಗಡಿಗೆ ಹೋಗಿ ಅವಳ ಕಿವಿಯೋಲೆಯ ಬಗ್ಗೆ ಹೇಳಿ ಬೆರಗುಗೊಳಿಸಲು ನೋಡುತ್ತಾನೆ. 1941ರಲ್ಲಿ ಅದು ಚೇಷ್ಟೆ, ಇವತ್ತು ಅದನ್ನು ಯಾವ ಹೆಣ್ಣುಮಗಳೂ ನಕ್ಕು ಸುಮ್ಮನಾಗಲಾರಳು, ಆಗಬೇಕಾಗಿಯೂ ಇಲ್ಲ. ರೋಮಾ ಜನರೆಂದರೆ ಶಾಪ, ಮಾಟ ಎಂಬ ಸವಕಲು ಚಿತ್ರವೂ ಇದೆ. ಹಾಗಿದ್ದರೂ ಮಾರಿಯಾ ಊಸ್ಪೆನ್‌ಸ್ಕಾಯಾ ಮಾಡಿದ ಮಲೇವಾ ಎಂಬ ಅಲೆಮಾರಿ ಮುದುಕಿಯೇ ಇಡೀ ಕಥೆಯಲ್ಲಿ ಅವನ ಮೇಲೆ ಕರುಣೆ ತೋರುವ, ಅವನನ್ನು ಅರ್ಥ ಮಾಡಿಕೊಳ್ಳುವ ಒಂದೇ ಜೀವ.

2010: ಇನ್ನೂ ಹಳೆಯ ಕಾಲ, ಅದೇ ಬಂಗಲೆ, ದೊಡ್ಡ ದುಡ್ಡು

ಜೋ ಜಾನ್‌ಸ್ಟನ್ ನಿರ್ದೇಶನದ ‘ದಿ ವುಲ್ಫ್‌ಮ್ಯಾನ್’ ಮೂಲಕ್ಕೆ ನಿಷ್ಠವಾಗಿರುವ ದಾರಿ ಹಿಡಿಯಿತು. ಪಾತ್ರಗಳ ಹೆಸರು ಅವೇ, ಟಾಲ್ಬಟ್ ಮನೆತನವೂ ಅದೇ, ಕಾಲವನ್ನು ಮಾತ್ರ ಇನ್ನೂ ಹಿಂದಕ್ಕೆ, 1891ಕ್ಕೆ ಒಯ್ದರು. ಮಗ ಲಾರೆನ್ಸ್ (ಮೂಲದ ಲ್ಯಾರಿ) ಆಗಿ ಬೆನಿಸಿಯೊ ಡೆಲ್ ಟೊರೊ, ತಂದೆಯಾಗಿ ಆ್ಯಂಥನಿ ಹಾಪ್‌ಕಿನ್ಸ್, ಗ್ವೆನ್ ಆಗಿ ಎಮಿಲಿ ಬ್ಲಂಟ್. ಬಂಗಲೆಯ ಹೊರನೋಟಕ್ಕೆ ಇಂಗ್ಲೆಂಡಿನ ಚಾಟ್ಸ್‌ವರ್ತ್ ಹೌಸ್. ಚಿತ್ರೀಕರಣಕ್ಕೆ ಸ್ವಲ್ಪ ಮೊದಲು ನಿರ್ದೇಶಕರು ಬದಲಾದರು, ಬಿಡುಗಡೆ ಹಲವು ಸಲ ಮುಂದಕ್ಕೆ ಹೋಯಿತು, ಸುಮಾರು 15 ಕೋಟಿ ಡಾಲರ್ ಖರ್ಚಾಯಿತು, ಜಗತ್ತಿನಾದ್ಯಂತ ಸೇರಿ ಅಷ್ಟೂ ಮರಳಿ ಬರಲಿಲ್ಲ.

ನೋಡಲು ಇದು ನಾಲ್ಕರಲ್ಲೂ ಅತ್ಯಂತ ಸುಂದರ. ಮಂಜು, ಮೇಣದಬತ್ತಿ, ಧೂಳು ತಿಂದ ಹಜಾರ, ಡ್ಯಾನಿ ಎಲ್ಫ್‌ಮನ್ ಸಂಗೀತ. ರಿಕ್ ಬೇಕರ್ ಮತ್ತು ಡೇವ್ ಎಲ್ಸಿ ಮೇಕಪ್ಪಿಗೆ ಆಸ್ಕರ್ ಪಡೆದರು, ಅದಕ್ಕೆ ಅರ್ಹರೂ ಹೌದು. ಪಿಯರ್ಸ್ ಮಾಡಿದ ಮುಖವನ್ನು ಬೇಕರ್ ಎಷ್ಟು ಗೌರವದಿಂದ ಕಾಪಾಡಿಕೊಂಡಿದ್ದಾರೆ ಎಂದು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ತಿಳಿಯುತ್ತದೆ. ಆದರೆ ಮನುಷ್ಯ ತೋಳವಾಗುವ ಕ್ಷಣಗಳನ್ನು ಕಂಪ್ಯೂಟರಿಗೆ ಬಿಟ್ಟರು. ಹಾಗಾಗಿ ನಿಂತ ತೋಳ ನಿಜ ಅನಿಸುತ್ತದೆ, ಆಗುತ್ತಿರುವ ತೋಳ ಅನಿಸುವುದಿಲ್ಲ.

ದೊಡ್ಡ ತೊಡಕು ಕಥೆಯಲ್ಲಿದೆ. ಇಲ್ಲಿ ತಂದೆಯೂ ತೋಳಮಾನವ, ಮಗನನ್ನು ಕಚ್ಚಿದವನೂ ಅವನೇ, ತನ್ನ ಕ್ರೌರ್ಯವನ್ನು ಸವಿಯುವವನು ಕೂಡ. ನಂಬದ ತಂದೆ ಇಲ್ಲಿ ದುಷ್ಟ ತಂದೆಯಾದ. ಅದರಿಂದ ಮಗನ ಪಾಪದ ಭಾರವೆಲ್ಲ ಅಪ್ಪನ ತಲೆಗೆ ಹೋಯಿತು. ಕೊನೆಗೆ ಉಳಿಯುವುದು ಹೊತ್ತಿ ಉರಿಯುವ ಬಂಗಲೆಯಲ್ಲಿ ಎರಡು ಮೃಗಗಳ ಹೊಡೆದಾಟ. ಗೊತ್ತಿಲ್ಲದೆ ಮಗನನ್ನು ಕೊಂದ ತಂದೆಯ ಮುಖಕ್ಕೂ ಇದಕ್ಕೂ ಎಲ್ಲಿಂದೆಲ್ಲಿಯ ಸಾಟಿ!

ಬೆಳಗಿನ ದೃಶ್ಯ ಇಲ್ಲೂ ಇದೆ. ಮರದ ಪೊಟರೆಯಲ್ಲಿ ರಕ್ತಸಿಕ್ತನಾಗಿ ಎದ್ದ ಲಾರೆನ್ಸ್‌ನನ್ನು ಪೊಲೀಸರು ಹಿಡಿದೊಯ್ಯುತ್ತಾರೆ, ಹುಚ್ಚಾಸ್ಪತ್ರೆಗೆ ಸೇರಿಸುತ್ತಾರೆ. ಅಲ್ಲಿ ಸಿನಿಮಾ ತನ್ನ ಎತ್ತರ ಮುಟ್ಟುತ್ತದೆ. ತೋಳವಾಗುತ್ತೇನೆ ಎನ್ನುವುದು ಬರೀ ಭ್ರಮೆ ಎಂದು ಸಾಬೀತು ಮಾಡಲು ವೈದ್ಯನೊಬ್ಬ ಅವನನ್ನು ಕುರ್ಚಿಗೆ ಬಿಗಿದು, ಸಭಾಂಗಣ ತುಂಬ ವೈದ್ಯರನ್ನು ಕೂರಿಸಿ, ಹುಣ್ಣಿಮೆಯ ರಾತ್ರಿ ಉಪನ್ಯಾಸ ಕೊಡುತ್ತಾನೆ. ಕುರ್ಚಿಯಲ್ಲಿರುವವನು ದಯವಿಟ್ಟು ನನ್ನನ್ನು ಕೊಲ್ಲಿ ಎನ್ನುವಂತೆ ನೋಡುತ್ತಿರುತ್ತಾನೆ, ವೈದ್ಯ ಬೆನ್ನು ತಿರುಗಿಸಿ ಮಾತಾಡುತ್ತಲೇ ಇರುತ್ತಾನೆ. ಮೂಲದಲ್ಲಿ ತಂದೆಯ ಬಾಯಲ್ಲಿದ್ದ ವಿಚಾರವಾದವನ್ನು ಒಂದು ಇಡೀ ಸಂಸ್ಥೆಯ ಅಹಂಕಾರವಾಗಿಸಿದ ಈ ಹತ್ತಿಪ್ಪತ್ತು ನಿಮಿಷ ನಿಜವಾದ ರೀಮೇಕ್.

ಭಾರತದಲ್ಲಿ ಕೂತು ನೋಡುವವರಿಗೆ ಕಾಣದೆ ಹೋಗದ ವಿಷಯವೂ ಒಂದಿದೆ. ಈ ತಂದೆಗೆ ಶಾಪ ತಗುಲಿದ್ದು ಹಿಂದೂಕುಶ್ ಪರ್ವತದ ಗುಹೆಯಲ್ಲಂತೆ. ರಾತ್ರಿ ಒಡೆಯನನ್ನು ಬೀಗ ಹಾಕಿ ಕೂಡಿಡುವ ನಿಷ್ಠಾವಂತ ಸೇವಕ ಸಿಂಗ್ ಎಂಬ ಸಿಖ್, ಆ ಪಾತ್ರದಲ್ಲಿ ಆರ್ಟ್ ಮಲಿಕ್. 1935ರ ಸಿನಿಮಾದಲ್ಲಿ ಶಾಪ ಟಿಬೆಟ್‌ನಿಂದ ಬಂದಿತ್ತು. ಇಂಗ್ಲಿಷ್ ಮನೆಯ ರೋಗಕ್ಕೆ ಪೂರ್ವದ ಬೆಟ್ಟಗಳನ್ನು ದೂರುವ ಚಾಳಿ 75 ವರ್ಷವಾದರೂ ಹೋಗಿರಲಿಲ್ಲ. ಹೊಸ ಪ್ರೇಕ್ಷಕರಿಗಾಗಿ ಮಾಡಿದ ಸಿನಿಮಾದಲ್ಲಿ ಮೊದಲು ಬಿಡಬೇಕಾಗಿದ್ದದ್ದು ಇದನ್ನೇ.

ನೋಡುವುದಾದರೆ 103 ನಿಮಿಷದ ಚಿತ್ರಮಂದಿರದ ಆವೃತ್ತಿಗಿಂತ ಸುಮಾರು ಎರಡು ಗಂಟೆಯ ವಿಸ್ತೃತ ಆವೃತ್ತಿ ವಾಸಿ. ಮೊದಲರ್ಧಕ್ಕೆ ಉಸಿರಾಡಲು ಜಾಗ ಸಿಗುತ್ತದೆ.

2025: ಶಾಪದ ಜಾಗದಲ್ಲಿ ಕಾಯಿಲೆ

ಲೀ ವನೆಲ್ 2020ರಲ್ಲಿ ‘ದಿ ಇನ್‌ವಿಸಿಬಲ್ ಮ್ಯಾನ್’ ಎಂಬ ಇನ್ನೊಂದು ಹಳೆಯ ಯೂನಿವರ್ಸಲ್ ಕಥೆಯನ್ನು ಕೈಗೆತ್ತಿಕೊಂಡು, ಅದೃಶ್ಯ ಮನುಷ್ಯನನ್ನು ಬಿಟ್ಟು ಅವನಿಂದ ಹಿಂಸೆಗೊಳಗಾದ ಹೆಂಗಸಿನ ಕಡೆಯಿಂದ ಹೇಳಿ ಗೆದ್ದಿದ್ದರು. ಬ್ಲಮ್‌ಹೌಸ್ ನಿರ್ಮಾಣದ ‘ವುಲ್ಫ್ ಮ್ಯಾನ್’ 2025ರ ಜನವರಿಯಲ್ಲಿ ಬಂತು. ಸುಮಾರು 2.5 ಕೋಟಿ ಡಾಲರ್ ಖರ್ಚು. ಗಳಿಕೆ ಖರ್ಚಿಗಿಂತ ತುಸು ಹೆಚ್ಚು ಅಷ್ಟೇ, ಅಂದರೆ ವ್ಯಾಪಾರದಲ್ಲಿ ಸೋತಿತು.

ಟಾಲ್ಬಟ್ ಮನೆತನ, ಬೆಳ್ಳಿ, ಹುಣ್ಣಿಮೆ, ಅಲೆಮಾರಿಗಳು ಎಲ್ಲವನ್ನೂ ವನೆಲ್ ಕೈಬಿಟ್ಟರು. ಸ್ಯಾನ್ ಫ್ರಾನ್ಸಿಸ್ಕೊದ ಬ್ಲೇಕ್ (ಕ್ರಿಸ್ಟಫರ್ ಆ್ಯಬಟ್), ಪತ್ರಕರ್ತೆ ಹೆಂಡತಿ ಷಾರ್ಲೆಟ್ (ಜೂಲಿಯಾ ಗಾರ್ನರ್) ಮತ್ತು ಪುಟ್ಟ ಮಗಳ ಜೊತೆ ಆರಿಗನ್‌ನ ಕಾಡಿನಲ್ಲಿರುವ ತನ್ನ ತಂದೆಯ ಮನೆಗೆ ಹೊರಡುತ್ತಾನೆ. ದಾರಿಯಲ್ಲಿ ಏನೋ ಒಂದು ಅವನ ಕೈಯನ್ನು ಪರಚುತ್ತದೆ. ಮುಂದಿನದೆಲ್ಲ ಒಂದೇ ರಾತ್ರಿ, ಒಂದೇ ಮನೆ.

ಇದರಲ್ಲಿರುವ ಒಂದು ಉಪಾಯ ನಾಲ್ಕೂ ಸಿನಿಮಾಗಳಲ್ಲಿ ಅತ್ಯಂತ ಹೊಸದು. ಕ್ಯಾಮೆರಾ ಹೆಂಡತಿಯ ಕಡೆಯಿಂದ ಮೆಲ್ಲಗೆ ಗಂಡನ ಕಡೆಗೆ ತಿರುಗುತ್ತಾ ಹೋದಂತೆ ಬೆಳಕು ಬದಲಾಗುತ್ತದೆ, ಅವಳ ಮಾತು ಅರ್ಥವಿಲ್ಲದ ಸದ್ದಾಗುತ್ತದೆ. ಗೋಡೆಯ ಮೇಲಿನ ಜೇಡದ ನಡಿಗೆ ಅವನಿಗೆ ಗುಡುಗಿನಂತೆ ಕೇಳುತ್ತದೆ. ಹೆಂಡತಿ ಎದುರಿಗೇ ಅಳುತ್ತಿದ್ದಾಳೆ, ಅವನು ಅವಳನ್ನು ನೋಡುತ್ತಿದ್ದಾನೆ, ನಡುವೆ ಭಾಷೆ ಸತ್ತಿದೆ. ಮನೆಯಲ್ಲಿ ಮರೆವಿನ ಕಾಯಿಲೆಯವರನ್ನೋ ಮಾತು ಕಳೆದುಕೊಂಡ ಹಿರಿಯರನ್ನೋ ನೋಡಿಕೊಂಡವರಿಗೆ ಈ ದೃಶ್ಯವನ್ನು ವಿವರಿಸಬೇಕಾಗಿಲ್ಲ. ಕೂದಲು, ಕೋರೆಹಲ್ಲು ಇಲ್ಲದೆಯೇ ತೋಳವಾಗುವುದನ್ನು ಅನುಭವಿಸುವಂತೆ ಮಾಡಿದ್ದಕ್ಕೆ ವನೆಲ್‌ಗೆ ನನ್ನ ಪೂರ್ಣ ಮೆಚ್ಚುಗೆ ಇದೆ.

ಹಾಗಾದರೆ ಸಿನಿಮಾ ಯಾಕೆ ಪೂರ್ತಿ ನಾಟುವುದಿಲ್ಲ? ಒಂದೇ ರಾತ್ರಿಯಾದ್ದರಿಂದ ಅವನಿಗೆ ಬೆಳಗೇ ಇಲ್ಲ. ಹಿಂತಿರುಗಿ ಮನುಷ್ಯನಾಗುವುದಿಲ್ಲ, ನಾನೇನು ಮಾಡಿದೆ ಎಂದು ಕೇಳಿಕೊಳ್ಳುವ ಗಳಿಗೆ ಬರುವುದಿಲ್ಲ. ಕಾಯಿಲೆಯವನ ಮೇಲೆ ಕನಿಕರ ಹುಟ್ಟುತ್ತದೆ, ತಪ್ಪು ಹೊರಿಸಲು ಬರುವುದಿಲ್ಲ, ಅವನಿಗೆ ಅವನೇ ಕೂಡ ಹೊರಿಸಿಕೊಳ್ಳಲಾರ. ತಂದೆಯ ಸಿಟ್ಟು ಮಗನಿಗೆ ಇಳಿದು ಬರುವ ಬಗ್ಗೆ ಸಿನಿಮಾ ಮೊದಲಲ್ಲಿ ಮಾತಾಡುತ್ತದೆ. ಮಗಳನ್ನು ಗದರಿದ ಕೂಡಲೇ ಕ್ಷಮೆ ಕೇಳುವ ಅಪ್ಪ ಅವನು. ಈ ಎಳೆಯನ್ನು ಹಿಡಿದು ಇನ್ನೊಂದು ಹಗಲನ್ನು ಕೊಟ್ಟಿದ್ದರೆ, ಆ ಕ್ಷಮೆ ಕೇಳಲು ಬಾಯಿ ತೆರೆದು ಮಾತು ಬಾರದ ಬೆಳಗೊಂದನ್ನು ತೋರಿಸಿದ್ದರೆ, ಇದು ಮೂಲಕ್ಕೆ ಹೆಗಲೆಣೆಯಾಗುತ್ತಿತ್ತು.

1981: ರೀಮೇಕ್ ಅಲ್ಲದ ವಾರಸುದಾರ

ಇಬ್ಬರು ಅಮೆರಿಕನ್ ಹುಡುಗರು ಬೆನ್ನಿಗೆ ಚೀಲ ಹಾಕಿಕೊಂಡು ಇಂಗ್ಲೆಂಡಿನ ಬಯಲುಗಳಲ್ಲಿ ನಡೆಯುತ್ತಿರುತ್ತಾರೆ. ಒಬ್ಬನನ್ನು ತೋಳ ಕೊಲ್ಲುತ್ತದೆ, ಇನ್ನೊಬ್ಬ ಡೇವಿಡ್ ಬದುಕಿ ಲಂಡನ್ ಆಸ್ಪತ್ರೆ ಸೇರುತ್ತಾನೆ. ಸತ್ತ ಗೆಳೆಯ ಜ್ಯಾಕ್ ಹರಿದ ಗಂಟಲಿನೊಂದಿಗೆ ಬಂದು ಹಾಸಿಗೆಯ ಪಕ್ಕದಲ್ಲಿ ನಿಂತು, ನೀನು ಬದುಕಿರುವವರೆಗೆ ನನಗೆ ಮುಕ್ತಿಯಿಲ್ಲ, ಸತ್ತುಬಿಡು ಎಂದು ಹರಟೆಯ ದನಿಯಲ್ಲಿ ಹೇಳುತ್ತಾನೆ. ಪ್ರತಿ ಸಲ ಬಂದಾಗಲೂ ಇನ್ನಷ್ಟು ಕೊಳೆತಿರುತ್ತಾನೆ. ನಗು ಬರುತ್ತದೆ, ನಗುವಿನ ನಡುವೆಯೇ ಗಂಟಲು ಕಟ್ಟುತ್ತದೆ.

ರಿಕ್ ಬೇಕರ್ ಇದಕ್ಕೆ ಮಾಡಿದ ಕೆಲಸಕ್ಕಾಗಿಯೇ ಮೇಕಪ್ ವಿಭಾಗದ ಮೊದಲ ಸ್ಪರ್ಧಾತ್ಮಕ ಆಸ್ಕರ್ ಪಡೆದರು. ಮಂಜಿಲ್ಲ, ನೆರಳಿಲ್ಲ. ದೀಪ ಉರಿಯುತ್ತಿರುವ ಸಾಮಾನ್ಯ ಮನೆಯ ಹಜಾರದಲ್ಲಿ ಕೈ ಉದ್ದವಾಗುತ್ತದೆ, ಬೆನ್ನಮೂಳೆ ಏಳುತ್ತದೆ, ಮುಖ ಮುಂದಕ್ಕೆ ಚಾಚುತ್ತದೆ. ಹಿನ್ನೆಲೆಯಲ್ಲಿ ಚಂದ್ರನ ಮೇಲಿನ ಹಳೆಯ ಪ್ರೇಮಗೀತೆ. ಎಲ್ಲವೂ ರಬ್ಬರು, ಗಾಳಿ ತುಂಬಿದ ಚೀಲ, ತಂತಿ. ಇಷ್ಟು ವರ್ಷವಾದರೂ ನೋವು ನೋವಿನಂತೆಯೇ ಕಾಣುತ್ತದೆ, 2010ರ ಕಂಪ್ಯೂಟರಿಗೆ ಅದು ಸಾಧ್ಯವಾಗಲಿಲ್ಲ.

ಬೆಳಿಗ್ಗೆ ಡೇವಿಡ್ ಏಳುವುದು ಮೃಗಾಲಯದಲ್ಲಿ, ತೋಳಗಳ ಬೋನಿನಲ್ಲಿ, ಮೈಮೇಲೆ ನೂಲಿಲ್ಲದೆ. ಅಲ್ಲಿಂದ ಮನೆ ಸೇರುವವರೆಗಿನದು ಪೂರ್ತಿ ತಮಾಷೆ, ಅವನಿಗೆ ಏನೂ ನೆನಪಿಲ್ಲ, ಮೈ ಹಗುರಾಗಿದೆ. ರಾತ್ರಿ ಸತ್ತವರ ಸುದ್ದಿ ಕಿವಿಗೆ ಬಿದ್ದ ಮೇಲೆ ಅವನ ಮುಖ ನೋಡಬೇಕು. ಸತ್ತವರೆಲ್ಲ ಚಿತ್ರಮಂದಿರವೊಂದರಲ್ಲಿ ಸಾಲಾಗಿ ಕೂತು, ಹೇಗೆ ಆತ್ಮಹತ್ಯೆ ಮಾಡಿಕೊಳ್ಳಬೇಕೆಂದು ಸಲಹೆ ಕೊಡುವುದು ಆಮೇಲೆ. ಲ್ಯಾಂಡಿಸ್ ಕಥೆಯ ಪಾತ್ರಗಳಿಗೆ 1941ರ ಸಿನಿಮಾ ಗೊತ್ತಿದೆ, ಡೇವಿಡ್ ಅದರ ಬಗ್ಗೆ ಮಾತೂ ಆಡುತ್ತಾನೆ. ಪ್ರೀತಿಸುವವರೇ ತೋಳಮಾನವನನ್ನು ಕೊಲ್ಲಬೇಕಾಗುತ್ತದೆ ಎಂದು ಅವನು ಅದರಿಂದ ಕಲಿತಿದ್ದಾನೆ. ಪ್ರೇಕ್ಷಕರಿಗೆ ಎಲ್ಲವೂ ಮೊದಲೇ ಗೊತ್ತು ಎಂಬುದನ್ನು ಮುಚ್ಚಿಡದೆ, ಆ ತಿಳಿವಳಿಕೆಯನ್ನೇ ಪಾತ್ರಕ್ಕೂ ಕೊಟ್ಟು ಅವನನ್ನು ಇನ್ನಷ್ಟು ಒಂಟಿಯಾಗಿಸಿದ್ದು ಬುದ್ಧಿವಂತಿಕೆ.

ಈ ಸಿನಿಮಾದ ನೆರಳು ಮುಂಬೈಗೂ ಬಿತ್ತು. ಮಹೇಶ್ ಭಟ್ ಅವರ ‘ಜುನೂನ್’ (1992) ಇದರಿಂದಲೇ ಪ್ರೇರಣೆ ಪಡೆದದ್ದು, ಅಲ್ಲಿ ರಾಹುಲ್ ರಾಯ್ ಹುಣ್ಣಿಮೆಯಂದು ಹುಲಿಯಾಗುತ್ತಾನೆ. ತೋಳವನ್ನು ಹುಲಿ ಮಾಡಿದ್ದು ಒಳ್ಳೆಯ ಯೋಚನೆ, ನಮ್ಮ ಕಾಡಿನ ಭಯ ಹುಲಿಯದ್ದೇ. ಆದರೆ ಶಾಪಗ್ರಸ್ತನನ್ನು ಬರಬರುತ್ತಾ ಸರಳ ಖಳನಾಯಕನನ್ನಾಗಿ ಮಾಡಿದ್ದರಿಂದ ದುಗುಡ ಆವಿಯಾಯಿತು. 2022ರ ‘ಭೇಡಿಯಾ’ ಹಾಸ್ಯದ ದಾರಿ ಹಿಡಿದು, ಅರುಣಾಚಲದ ಕಾಡು ಕಡಿಯಲು ಬಂದವನನ್ನೇ ತೋಳವಾಗಿಸಿತು. ಅವನ ತಪ್ಪಿಗೆ ಹಗಲಿನಲ್ಲೇ ಒಂದು ಹೆಸರಿದೆ, ಅದಕ್ಕಾಗಿ ನನಗೆ ಆ ಸಿನಿಮಾ ಇಷ್ಟ.

ಹಾಗಾದರೆ ಯಾವುದು?

ಒಂದನ್ನೇ ನೋಡುವವರು 1981ರದ್ದನ್ನು ನೋಡಿ. ಹಳೆಯ ಕಥೆಯ ಸಂಕಟವನ್ನು ಪೂರ್ತಿ ಉಳಿಸಿಕೊಂಡು, ಉಳಿದೆಲ್ಲವನ್ನೂ ಧೈರ್ಯವಾಗಿ ಬದಲಾಯಿಸಿದ್ದು ಅದೊಂದೇ. ರಕ್ತ, ನಗ್ನತೆ ಎರಡೂ ಇವೆ, ಹಾಗಾಗಿ ಮನೆಮಂದಿಯೆಲ್ಲ ಕೂತು ನೋಡುವಂಥದ್ದಲ್ಲ.

ಎರಡು ನೋಡಲು ಸಮಯವಿದ್ದರೆ 1941 ಮತ್ತು 2025ನ್ನು ಒಂದೇ ದಿನ, ಅದೇ ಕ್ರಮದಲ್ಲಿ ನೋಡಿ. ಮೊದಲನೆಯದರಲ್ಲಿ ತಂದೆ ಮಗನ ಮಾತನ್ನು ಕೇಳುತ್ತಾನೆ, ನಂಬುವುದಿಲ್ಲ. ಎರಡನೆಯದರಲ್ಲಿ ಹೆಂಡತಿ ನಂಬುತ್ತಾಳೆ, ಅವನಿಗೆ ಅವಳ ಮಾತೇ ಕೇಳಿಸದು. ಎರಡನ್ನೂ ಜೋಡಿಸಿ ನೋಡಿದಾಗ 2025ರ ಸಿನಿಮಾ ಒಂಟಿಯಾಗಿ ನೋಡಿದ್ದಕ್ಕಿಂತ ಎಷ್ಟೋ ದೊಡ್ಡದಾಗಿ ಕಾಣುತ್ತದೆ. ಮನೆಯಲ್ಲಿ ಯಾರಾದರೂ ದೀರ್ಘ ಕಾಯಿಲೆಯಲ್ಲಿದ್ದರೆ ಅದನ್ನು ಈಗಲೇ ನೋಡಬೇಡಿ, ಇನ್ನೊಂದು ಕಾಲಕ್ಕೆ ಇಟ್ಟುಕೊಳ್ಳಿ.

2010ರದ್ದು ಹಳೆಯ ಬಂಗಲೆ, ಮಂಜು, ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ವಾತಾವರಣ ಇಷ್ಟಪಡುವವರಿಗೆ, ಮತ್ತು ಮೇಕಪ್ ಕಲಿಯುತ್ತಿರುವವರಿಗೆ. ಕಥೆಗಾಗಿ ನೋಡುವವರು ಹುಚ್ಚಾಸ್ಪತ್ರೆಯ ಭಾಗ ಮುಗಿದ ಮೇಲೆ ನಿರಾಶರಾಗಲು ಸಿದ್ಧರಿರಲಿ.

ಮಕ್ಕಳ ಜೊತೆ ನೋಡಬೇಕಾದರೆ ಆಯ್ಕೆ 1941ರದ್ದು ಮಾತ್ರ. ಹತ್ತು-ಹನ್ನೆರಡು ವರ್ಷದವರು ಆ ಮೇಕಪ್ ನೋಡಿ ಮೊದಲು ನಗುತ್ತಾರೆ, ನಗಲಿ ಬಿಡಿ. ಹೆಜ್ಜೆ ಒರೆಸುವ ದೃಶ್ಯ ಬಂದಾಗ, ಅವನೇಕೆ ಅಪ್ಪನಿಗೆ ಹೋಗಿ ಹೇಳಬಾರದು ಎಂದು ಅವರೇ ಕೇಳುತ್ತಾರೆ. ಆಗ ಸಿನಿಮಾ ನಿಲ್ಲಿಸಿ ಸ್ವಲ್ಪ ಹೊತ್ತು ಮಾತಾಡಿ.